ಬರ್ಲಿಂಗ್ ಬಗ್ಗೆ ಬರೀ ‘ಸ್ವಾರ್ಥಿ’ ಅಂದರೆ ಸಾಲದು

ಜೆ. ಬಿ. ಪ್ರೀಸ್ಟ್ಲಿ ಅವರ ‘ಆನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕದ ಕಾರ್ಖಾನೆ ಮಾಲೀಕ ಬರ್ಲಿಂಗ್ ಸ್ವಾರ್ಥಿ ಅಂತ ಉತ್ತರದಲ್ಲಿ ಎರಡು ಪುಟ ಬರೆದರೂ ಅಂಕ ಬರಲಿಲ್ಲ ಅಂದಿರಲ್ಲ, ಬಹುಶಃ ನೀವು ಗುಣ ಹೇಳಿ ನಿಲ್ಲಿಸಿದ್ದೀರಿ. ಪ್ರೀಸ್ಟ್ಲಿ ಅವನನ್ನು ಯಾಕೆ ಹಾಗೆ ತೋರಿಸಿದರು ಅನ್ನುವುದು ಬಿಟ್ಟುಹೋಗಿದೆ.

ಮೊದಲು ವರ್ಷ ನೋಡಿ. ನಾಟಕ ಬರೆದದ್ದು 1945ರಲ್ಲಿ, ಕಥೆ ನಡೆಯುವುದು 1912ರಲ್ಲಿ. ಟೈಟಾನಿಕ್ ಮುಳುಗಲ್ಲ, ಯುದ್ಧ ಆಗಲ್ಲ ಅಂತ ಅವನು ಜಂಬದಿಂದ ಹೇಳುವಾಗ ನೋಡುವವರಿಗೆ ಸತ್ಯ ಗೊತ್ತು. ಆಗಲೇ ಅವನ ಮಾತಿನ ಮೇಲೆ ನಂಬಿಕೆ ಹೋಗುತ್ತದೆ, ಅಲ್ವಾ?

ಆಮೇಲೆ ಕೂಲಿಗೆ ಬನ್ನಿ. ಇಲ್ಲೇ ಜಾಸ್ತಿ ಬರೆಯಿರಿ. ಬರ್ಲಿಂಗ್ ಕಾರ್ಖಾನೆಯಲ್ಲಿ ವಾರಕ್ಕೆ ಸುಮಾರು 22 ಶಿಲಿಂಗ್ 6 ಪೆನ್ಸ್ ಸಿಗುತ್ತಿತ್ತು, ಹುಡುಗಿಯರು 25 ಶಿಲಿಂಗ್ ಕೇಳಿದರು. ಬರೀ ಎರಡೂವರೆ ಶಿಲಿಂಗ್! ಮುಷ್ಕರದಲ್ಲಿ ಮುಂದೆ ನಿಂತ ಈವಾ ಅನ್ನುವ ಹುಡುಗಿಯ ಕೆಲಸವೇ ಹೋಯಿತು.

ಕೊನೆಗೆ ಶೀಲಾ ಜೊತೆ ಹೋಲಿಸಿ. ಮಗಳು ಈವಾ ವಿಷಯದಲ್ಲಿ ತನ್ನ ತಪ್ಪು ಒಪ್ಪಿಕೊಳ್ಳುತ್ತಾಳೆ. ಅಪ್ಪನಿಗೆ ‘ಸರ್’ ಪದವಿ ಕೈತಪ್ಪೀತು ಅನ್ನುವುದೇ ಚಿಂತೆ.