ಪಿಂಚಣಿಯ ಗಂಟು, ಅಂಗಡಿಯ ಗಲ್ಲಾ: ನಿವೃತ್ತ ಸೈನಿಕರ ಪ್ರಶ್ನೆಗಳಿಗೆ ಉತ್ತರ

ಸೇನೆಯಿಂದ ನಿವೃತ್ತರಾಗಿ ಸ್ವಂತ ಉದ್ಯೋಗಕ್ಕೆ ಕೈಹಾಕಿರುವವರು ಮತ್ತು ಕೈಹಾಕಲು ಹೊರಟಿರುವವರು ತಮ್ಮ ಸಂದೇಹಗಳನ್ನು ಬರೆದು ಕಳಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳವೇ ಹೆಚ್ಚು. ಸೇನೆಗೆ ಆಹಾರ ಸಾಮಗ್ರಿ ಪೂರೈಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಈಗ ಕೊಪ್ಪಳದಲ್ಲಿ ಕಿರಾಣಿ ಅಂಗಡಿಯನ್ನೂ ಹಿಟ್ಟಿನ ಗಿರಣಿಯನ್ನೂ ನಡೆಸುತ್ತಿರುವ ನಮ್ಮ ಅಂಕಣಕಾರರು ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಹದಿನೇಳು ವರ್ಷ ಸೇವೆ ಸಲ್ಲಿಸಿ ಹವಾಲ್ದಾರನಾಗಿ ಕಳೆದ ವರ್ಷ ನಿವೃತ್ತನಾದೆ. ವಯಸ್ಸು 37. ಪಿಂಚಣಿಯ ಅರ್ಧ ಭಾಗವನ್ನು ಕಮ್ಯುಟೇಷನ್ ಮಾಡಿಸಿದ್ದರಿಂದ ಬಂದ ಹಣ, ಗ್ರಾಚ್ಯುಟಿ, ಭವಿಷ್ಯ ನಿಧಿ ಎಲ್ಲವೂ ಬ್ಯಾಂಕಿನಲ್ಲಿವೆ. ಊರಿನಲ್ಲಿ ಚಿಕ್ಕದೊಂದು ಅಕ್ಕಿ ಗಿರಣಿ ಹಾಕುವ ಆಸೆ. ಸಾಲದ ಗೊಡವೆಯೇ ಬೇಡ, ಕೈಯಲ್ಲಿರುವ ಹಣವನ್ನೇ ಹಾಕು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಇದು ಸರಿಯೇ? (ಸಿಂಧನೂರು ತಾಲ್ಲೂಕು)

ಉತ್ತರ: ಸಾಲವೇ ಬೇಡವೆನ್ನುವುದು ಸಾಹುಕಾರರ ಬಡ್ಡಿಯಲ್ಲಿ ಬೆಂದವರ ಮಾತು. ಅದನ್ನು ಹಗುರವಾಗಿ ಕಾಣಬಾರದು, ಆದರೆ ನಿಮ್ಮ ಲೆಕ್ಕವೇ ಬೇರೆ. ಕಮ್ಯುಟೇಷನ್‌ನಿಂದ ಬಂದದ್ದು ಸರ್ಕಾರ ಕೊಟ್ಟ ಬಹುಮಾನವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ನಿಮ್ಮದೇ ಪಿಂಚಣಿಯನ್ನು ಮುಂಗಡವಾಗಿ ಪಡೆದ ಹಣ. 15 ವರ್ಷಗಳವರೆಗೆ ನಿಮ್ಮ ಮೂಲ ಪಿಂಚಣಿಯಲ್ಲಿ ಆ ಅರ್ಧ ಕಡಿತವಾಗುತ್ತಲೇ ಇರುತ್ತದೆ, ಪೂರ್ಣ ಪಿಂಚಣಿ ಮತ್ತೆ ಕೈಗೆ ಬರುವ ಹೊತ್ತಿಗೆ ನಿಮಗೆ 50 ದಾಟಿರುತ್ತದೆ. ಮಕ್ಕಳ ಓದು, ಮದುವೆ, ಮನೆ ಎಲ್ಲವೂ ಬರುವುದು ಈ ನಡುವಿನ ವರ್ಷಗಳಲ್ಲೇ. ಆ ಹಣವನ್ನೆಲ್ಲ ಒಂದೇ ಯಂತ್ರಕ್ಕೆ ಸುರಿಯುವುದೆಂದರೆ ಹದಿನೈದು ವರ್ಷದ ಊಟವನ್ನು ಒಂದೇ ಒಲೆಯ ಮೇಲಿಟ್ಟಂತೆ.

ನೀವು ಮೊದಲು ನೋಡಬೇಕಾದದ್ದು ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮ. ಇದರಲ್ಲಿ ಮಾಜಿ ಸೈನಿಕರನ್ನು ವಿಶೇಷ ವರ್ಗಕ್ಕೆ ಸೇರಿಸಲಾಗಿದೆ ಎಂಬ ಸಂಗತಿ ನಮ್ಮವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ವಿಶೇಷ ವರ್ಗದವರು ಯೋಜನಾ ವೆಚ್ಚದ ಶೇ 5ರಷ್ಟನ್ನು ಮಾತ್ರ ಸ್ವಂತವಾಗಿ ಹಾಕಿದರೆ ಸಾಕು, ಸಹಾಯಧನವು ಹಳ್ಳಿಯಲ್ಲಿ ಶೇ 35, ಪಟ್ಟಣದಲ್ಲಿ ಶೇ 25. 2022ರಲ್ಲಿ ಪರಿಷ್ಕೃತವಾದ ನಿಯಮದ ಪ್ರಕಾರ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿಯವರೆಗೆ ಯೋಜನೆ ಹಾಕಿಕೊಳ್ಳಬಹುದು. ನಿಮ್ಮ ಗಿರಣಿಗೆ 20 ಲಕ್ಷ ತಗಲುತ್ತದೆಯೆಂದು ಇಟ್ಟುಕೊಳ್ಳಿ. ನಿಮ್ಮ ಪಾಲು 1 ಲಕ್ಷ, ಬ್ಯಾಂಕು ಕೊಡುವುದು 19 ಲಕ್ಷ, ಅದರಲ್ಲಿ 7 ಲಕ್ಷ ಸಹಾಯಧನ. ಆದರೆ ಆ 7 ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಅದು ಮೂರು ವರ್ಷ ನಿಮ್ಮ ಹೆಸರಿನ ಠೇವಣಿಯಾಗಿ ಬ್ಯಾಂಕಿನಲ್ಲಿದ್ದು, ಘಟಕ ನಡೆಯುತ್ತಿದೆಯೆಂಬುದು ಖಚಿತವಾದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಜಾಗದ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ಈಗಾಗಲೇ ಶುರುವಾಗಿರುವ ಘಟಕಕ್ಕೆ ಇದು ಅನ್ವಯಿಸುವುದೂ ಇಲ್ಲ. ಆದ್ದರಿಂದ ಹುಮ್ಮಸ್ಸಿನಲ್ಲಿ ಯಂತ್ರಕ್ಕೆ ಹಣ ಕಟ್ಟಿ ಬಂದು ಆಮೇಲೆ ಅರ್ಜಿ ಹಾಕುವ ತಪ್ಪನ್ನು ಮಾಡಬೇಡಿ. ಡಿಸ್ಚಾರ್ಜ್ ಪುಸ್ತಕ, ಪಿಪಿಒ (ಪಿಂಚಣಿ ಪಾವತಿ ಆದೇಶ) ಮತ್ತು ಮಾಜಿ ಸೈನಿಕರ ಗುರುತಿನ ಚೀಟಿಯೊಂದಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಅರ್ಜಿಗಿಂತ ಮೊದಲು ನಿಮ್ಮ ಊರಿನ ಬ್ಯಾಂಕ್ ಶಾಖೆಯ ಮ್ಯಾನೇಜರರೊಡನೆ ಮಾತನಾಡಿ. ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಬ್ಯಾಂಕಿನ ಮೇಜಿನ ಮೇಲೆ.

ಇನ್ನು ಗಿರಣಿಯ ವಿಷಯ. ಇಲ್ಲಿ ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕುವುದು ನನಗೆ ಅನಿವಾರ್ಯವಾಗಿದೆ. ಸರ್ಕಾರದ ಲೆಕ್ಕದಲ್ಲಿ ಕ್ವಿಂಟಲ್ ಭತ್ತಕ್ಕೆ 67 ಕಿಲೋ ಅಕ್ಕಿ ಬರಬೇಕು. ಚಿಕ್ಕ ಗಿರಣಿಯಲ್ಲಿ ನುಚ್ಚು ಹೆಚ್ಚಾಗಿ ಆ ಲೆಕ್ಕ ಕೈಕೊಡುತ್ತದೆ. ಸಿಂಧನೂರು, ಕಾರಟಗಿ, ಗಂಗಾವತಿಗಳಲ್ಲಿ ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಗಳಿರುವ ದೊಡ್ಡ ಗಿರಣಿಗಳು ಸಾಲುಸಾಲಾಗಿರುವಾಗ, ಸೋನಾ ಮಸೂರಿ ಕೊಳ್ಳುವ ವ್ಯಾಪಾರಿ ನಿಮ್ಮ ಬಾಗಿಲಿಗೆ ಏಕೆ ಬರಬೇಕು? ಅದಕ್ಕಿಂತ ಮುಖ್ಯವಾದದ್ದು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಟ್ಟರೆ ಗಿರಣಿಗೆ ವರ್ಷವಿಡೀ ಕೆಲಸ, ಬಿಡದಿದ್ದರೆ ಅರ್ಧ ವರ್ಷ ಯಂತ್ರಕ್ಕೆ ಎಣ್ಣೆ ಹಾಕಿ ಒರೆಸುತ್ತ ಕೂರುವ ಕೆಲಸ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಿಮ್ಮ ತಾಲ್ಲೂಕಿನ ಎದೆ ಹೇಗೆ ಧಸಕ್ಕೆಂದಿತೆಂಬುದು ನಿಮಗೆ ಗೊತ್ತಿದೆ. ಬ್ಯಾಂಕಿನ ಕಂತು ಮಾತ್ರ ಕಾಲುವೆಯ ನೀರನ್ನು ಕೇಳಿಕೊಂಡು ಬರುವುದಿಲ್ಲ.

ಗಿರಣಿಯೇ ಬೇಕೆಂದರೆ ಖಾರದ ಪುಡಿಯ ಕಡೆಗೆ ನೋಡಿ. ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ರಾಯಚೂರು ಜಿಲ್ಲೆಗೆ ಗುರುತಿಸಿರುವ ಬೆಳೆ ಮೆಣಸಿನಕಾಯಿ. ಅದರಲ್ಲಿ ಕೇಂದ್ರದ ಶೇ 35ರ ಜೊತೆಗೆ ರಾಜ್ಯ ಸರ್ಕಾರ ಶೇ 15 ಸೇರಿಸುವುದರಿಂದ ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಸಹಾಯಧನವಿದೆ. ಎರಡು ಯೋಜನೆಗಳ ಸಹಾಯಧನವನ್ನು ಒಂದೇ ಘಟಕಕ್ಕೆ ಪಡೆಯಬಹುದೆಂದು ಮಾತ್ರ ಎಣಿಸಬೇಡಿ, ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಬಳ್ಳಾರಿಯಲ್ಲಿ ಸೆಕ್ಯುರಿಟಿ ಏಜೆನ್ಸಿ ಆರಂಭಿಸಬೇಕೆಂದಿದ್ದೇವೆ. ತೋರಣಗಲ್ಲು, ಕುಡುತಿನಿ ಕಡೆ ಕಾರ್ಖಾನೆಗಳಿವೆ, ನಮ್ಮಂಥ ಮಾಜಿ ಸೈನಿಕರು ಇಪ್ಪತ್ತು ಮಂದಿ ಸಿದ್ಧರಿದ್ದಾರೆ. ನಮ್ಮ ಹಳೆಯ ಸಮವಸ್ತ್ರದ ಬಟ್ಟೆಯನ್ನೇ ಹೊಲಿಸಬಹುದೇ? ಬಂಡವಾಳ ಎಷ್ಟು ಬೇಕು?

ಉತ್ತರ: ಸಮವಸ್ತ್ರದ ಮಾತನ್ನು ಮೊದಲು ಮುಗಿಸೋಣ. ಹೊಲಿಸಬಾರದು. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರಲ್ಲಿ ಬಂದ ಕಾಯ್ದೆಯ ಪ್ರಕಾರ ಕಾವಲುಗಾರರು ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನು, ನೋಡಿದರೆ ಅದೇ ಎನ್ನಿಸುವಂಥದ್ದನ್ನು, ತೊಟ್ಟರೆ ತೊಟ್ಟವರಿಗೂ ಏಜೆನ್ಸಿಯ ಒಡೆಯರಿಗೂ ಒಂದು ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಟ್ಟೆಯ ಗೌರವವನ್ನು ಉಳಿಸಬೇಕಾದ ನಾವೇ ಅದನ್ನು ಗೇಟಿನ ಮುಂದೆ ನಿಲ್ಲಿಸುವುದು ನನಗಂತೂ ಸರಿಕಾಣುವುದಿಲ್ಲ. ಜೀನ್ಸ್ ಹೊಲಿಯುವ ಕೈಗಳು ಇಷ್ಟೊಂದಿರುವ ಬಳ್ಳಾರಿಯಲ್ಲಿ ಬೇರೆ ಬಣ್ಣದ ಸೊಗಸಾದ ಉಡುಪಿಗೆ ಬರವೇ?

ಅದೇ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಕಾಯ್ದೆಯಲ್ಲಿ ನಮೂದಾಗಿರುವ ಶುಲ್ಕ ಒಂದು ಜಿಲ್ಲೆಗೆ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ಪರವಾನಗಿಯ ಅವಧಿ ಐದು ವರ್ಷ. ಕಾವಲುಗಾರರನ್ನು ನೇಮಿಸಿಕೊಳ್ಳುವಾಗ ಸೇನೆಯಲ್ಲಿ ಕೆಲಸ ಮಾಡಿದವರಿಗೆ ಆದ್ಯತೆ ಕೊಡಬಹುದೆಂದೂ ಕಾಯ್ದೆ ಹೇಳುತ್ತದೆ.

ಈ ವ್ಯವಹಾರದಲ್ಲಿ ಮುಳುಗುವವರು ಪರವಾನಗಿಯ ಖರ್ಚಿನಿಂದ ಮುಳುಗುವುದಿಲ್ಲ, ಸಂಬಳದ ದಿನ ಮುಳುಗುತ್ತಾರೆ. ಇಪ್ಪತ್ತು ಮಂದಿಗೆ ತಲಾ 15,000 ರೂಪಾಯಿಯೆಂದು ಇಟ್ಟುಕೊಂಡರೂ ತಿಂಗಳಿಗೆ 3 ಲಕ್ಷ. ಹತ್ತು ಮಂದಿಯಾದರೆ ಕಾರ್ಮಿಕರ ವಿಮೆಯಾದ ಇಎಸ್‌ಐ, ಇಪ್ಪತ್ತು ಮಂದಿಯಾದರೆ ಪಿಎಫ್, ಆದ್ದರಿಂದ ಇಪ್ಪತ್ತನೆಯವನನ್ನು ಸೇರಿಸಿದ ದಿನದಿಂದ ಎರಡೂ ನಿಮ್ಮ ಹೆಗಲ ಮೇಲಿರುತ್ತವೆ. ಕಾವಲುಗಾರನಿಗೆ ತಿಂಗಳ ಮೊದಲ ವಾರದಲ್ಲೇ ಸಂಬಳ ಕೊಡಬೇಕು, ಕೆಲಸ ಕೊಟ್ಟವರು ಮಾತ್ರ ಬಿಲ್ಲು ಪಾಸಾಗಲು ಎರಡು ತಿಂಗಳು ಹಿಡಿಯುತ್ತದೆ ಎನ್ನುತ್ತಾರೆ. ಹೀಗಾಗಿ ಮೂರು ತಿಂಗಳ ಸಂಬಳ, ಅಂದರೆ 9 ಲಕ್ಷಕ್ಕಿಂತ ಹೆಚ್ಚಿನ ಚಾಲ್ತಿ ಬಂಡವಾಳ ಕೈಯಲ್ಲಿಲ್ಲದೆ ಇಪ್ಪತ್ತು ಮಂದಿಯ ಗುತ್ತಿಗೆಗೆ ಸಹಿ ಹಾಕಬೇಡಿ. ಐದು ಮಂದಿಯಿಂದ ಶುರುಮಾಡಿದರೆ ನಾಚಿಕೆಯೇನಿಲ್ಲ. ಜೊತೆಯಲ್ಲಿ ಬಂಕರಿನಲ್ಲಿ ಮಲಗಿದ ಗೆಳೆಯನಿಗೆ ಸಂಬಳ ಕೊಡಲಾಗದೆ ತಲೆ ತಪ್ಪಿಸಿಕೊಂಡು ಓಡಾಡುವುದಕ್ಕಿಂತ ಅದು ಮೇಲು.

ಪ್ರಶ್ನೆ: ನನ್ನ ಕಿರಾಣಿ ಅಂಗಡಿಯಲ್ಲಿ ಮಿಲಿಟರಿ ಕ್ಯಾಂಟೀನಿನಿಂದ ತಂದ ಸಾಮಾನನ್ನು ಸ್ವಲ್ಪ ಲಾಭ ಇಟ್ಟು ಮಾರಬಹುದೇ? (ಲಿಂಗಸುಗೂರು)

ಉತ್ತರ: ಮಾರಬಾರದು. ಅದು ನಿಮ್ಮ ಮತ್ತು ನಿಮ್ಮ ಕುಟುಂಬದ ಬಳಕೆಗೆ ಮಾತ್ರ ಕೊಡುವ ಸಾಮಾನು. ಸಿಕ್ಕಿಬಿದ್ದರೆ ಕ್ಯಾಂಟೀನ್ ಕಾರ್ಡೂ ಹೋಗುತ್ತದೆ, ಊರಿನಲ್ಲಿ ಮಾನವೂ ಹೋಗುತ್ತದೆ.

ಪ್ರಶ್ನೆ: ನನ್ನ ಮಗ ಅಗ್ನಿವೀರನಾಗಿ ಮೊದಲ ತಂಡದಲ್ಲೇ ಸೇರಿದವನು. ನಾಲ್ಕು ವರ್ಷ ಮುಗಿಸಿ ಬಂದರೆ ಸಿಗುವ ಹಣದಲ್ಲಿ ಟಿಪ್ಪರ್ ಕೊಳ್ಳೋಣವೆಂದಿದ್ದೇನೆ. ಅವನಿಗೂ ಮಾಜಿ ಸೈನಿಕರ ಸಾಲದ ಸೌಲಭ್ಯ ಸಿಗುತ್ತದೆಯೇ? (ಕೊಪ್ಪಳ ತಾಲ್ಲೂಕಿನ ರೈತರು)

ಉತ್ತರ: 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಸೇವಾ ನಿಧಿಯೆಂದು ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ದೊರೆಯುತ್ತದೆ, ಅದಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಹಾಗಾಗಿ ಮೇಲೆ ಹೇಳಿದ ಶೇ 35ರ ಸಹಾಯಧನವನ್ನು ಆ ಹೆಸರಿನಲ್ಲಿ ಕೇಳಲಾಗದು. ನಿಮ್ಮ ಕುಟುಂಬವು ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದರೆ ಅದೇ ಸೌಲಭ್ಯ ಜಾತಿ ಪ್ರಮಾಣಪತ್ರದ ಮೂಲಕ ದೊರೆಯುತ್ತದೆ. ಅದಿಲ್ಲದಿದ್ದರೆ ಸಾಮಾನ್ಯ ವರ್ಗದಲ್ಲಿ ಹಳ್ಳಿಗೆ ಶೇ 25 ಇದ್ದೇ ಇದೆ.

ಇಲ್ಲಿರುವ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಹವಾಲ್ದಾರನೊಬ್ಬ ಅಂಗಡಿ ಮುಚ್ಚಿದರೂ ಮುಂದಿನ ತಿಂಗಳ ಒಂದನೇ ತಾರೀಕಿಗೆ ಅವನ ಖಾತೆಗೆ ಪಿಂಚಣಿ ಬರುತ್ತದೆ. ನಿಮ್ಮ ಮಗನ ಬೆನ್ನ ಹಿಂದೆ ಆ ಗೋಡೆಯಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗನ ಹಣವನ್ನು ಅವನು ಊರಿಗೆ ಬರುವ ಮೊದಲೇ ಟಿಪ್ಪರಿಗೆ ಮೀಸಲಿಡುವುದು ಬೇಡ. ಮರಳಿನ ಪರವಾನಗಿ ನಿಂತ ತಿಂಗಳೂ ಟಿಪ್ಪರಿನ ಕಂತು ನಿಲ್ಲುವುದಿಲ್ಲ. ಹಣವನ್ನು ಒಂದು ವರ್ಷ ಠೇವಣಿಯಲ್ಲಿಡಿ. ಆ ವರ್ಷ ಅವನು ತಾನು ಮಾಡಬೇಕೆಂದಿರುವ ಕಸುಬಿನವರ ಬಳಿ ಸಂಬಳಕ್ಕೆ ದುಡಿದು ಒಳಹೊರಗು ತಿಳಿದುಕೊಳ್ಳಲಿ. ಸೇವೆಯಲ್ಲಿ ಕಲಿತ ಕೆಲಸಕ್ಕೆ ಕೌಶಲ ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ಮಡಚಿಡದೆ ಬಳಸಲಿ. ಟಿಪ್ಪರ್ ನಿಮ್ಮ ಆಸೆಯೋ ಮಗನ ಆಸೆಯೋ ಎಂಬುದನ್ನು ಪತ್ರದಲ್ಲಿ ನೀವು ಬರೆದಿಲ್ಲ.

ಪ್ರಶ್ನೆ: ದೇವದುರ್ಗದಲ್ಲಿ ಸೇನಾ ಭರ್ತಿಗೆ ತರಬೇತಿ ಕೇಂದ್ರ ತೆರೆಯುವುದು ಲಾಭದಾಯಕವೇ?

ಉತ್ತರ: ಹುಡುಗರಿಗೇನೂ ಕೊರತೆಯಿಲ್ಲ. ಆದರೆ 2023ರಿಂದ ಆನ್‌ಲೈನ್ ಲಿಖಿತ ಪರೀಕ್ಷೆ ಮೊದಲು, ಮೈದಾನ ಆಮೇಲೆ. ಬೆಳಗಿನ ಜಾವ 1,600 ಮೀಟರ್ ಓಡಿಸುವುದನ್ನಷ್ಟೇ ಬಲ್ಲ ಕೇಂದ್ರದ ಹುಡುಗರು ಮೈದಾನ ಕಾಣುವ ಮೊದಲೇ ಮನೆಗೆ ಮರಳುತ್ತಾರೆ. ನೀವು ಮೊದಲು ಹುಡುಕಬೇಕಾದದ್ದು ಒಳ್ಳೆಯ ಗಣಿತದ ಮೇಷ್ಟರನ್ನು. ಭರ್ತಿ ಖಾತ್ರಿಯೆಂದು ಬೋರ್ಡಿನಲ್ಲಿ ಬರೆಸಿ ಹಣ ಪಡೆಯುವ ಕೆಲಸವನ್ನು ಮಾತ್ರ ಮಾಡಬೇಡಿ.

ಪ್ರಶ್ನೆ: ನನ್ನ ಪತಿ ನಿವೃತ್ತರಾಗಿ ಬಂದು ಎರಡು ವರ್ಷದ ಹಿಂದೆ ಕಿರಾಣಿ ಅಂಗಡಿ ತೆರೆದರು. ಪ್ರಾಮಾಣಿಕರು, ಒಂದು ಗ್ರಾಂ ಕೂಡ ಕಡಿಮೆ ತೂಗುವುದಿಲ್ಲ. ಆದರೂ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಉದ್ರಿ ಕೊಟ್ಟವರೊಡನೆ ಜಗಳವಾಗುತ್ತದೆ. ಪ್ರತಿ ತಿಂಗಳು ಪಿಂಚಣಿಯ ಹಣದಿಂದ ಅಂಗಡಿಗೆ ಸಾಮಾನು ತುಂಬಿಸುತ್ತಿದ್ದೇವೆ. ಏನು ಮಾಡಲಿ? (ಕಾರಟಗಿ)

ಉತ್ತರ: ತಾಯಿ, ನಿಮ್ಮ ಪತ್ರವನ್ನು ಓದಿದಾಗ ನನ್ನ ಮೊದಲ ಎರಡು ವರ್ಷಗಳು ಕಣ್ಣಮುಂದೆ ಬಂದವು. ನಾನು ಸರಬರಾಜು ಡಿಪೋದಲ್ಲಿ ಸಕ್ಕರೆ, ಬೇಳೆ, ಹಿಟ್ಟು ತೂಗಿದವನು. ಅಲ್ಲಿ ಇಂಡೆಂಟಿನಲ್ಲಿ ಬರೆದಷ್ಟೇ ಹೋಗಬೇಕು. ಹೆಚ್ಚು ಹೋದರೂ ತಪ್ಪು, ಕಡಿಮೆ ಹೋದರೂ ತಪ್ಪು. ಅದೇ ಕೈಯಿಂದ ಕೊಪ್ಪಳದಲ್ಲಿ ಸಕ್ಕರೆ ತೂಗುತ್ತಿದ್ದೆ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ ನಾಲ್ಕು ಕಾಳು ಹೆಚ್ಚಾಯಿತೆಂದು ಬೆರಳಿನಿಂದ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದೆ. ಒಂದು ದಿನ ಮುದುಕಿಯೊಬ್ಬಳು ಅದನ್ನು ನೋಡುತ್ತ ನಿಂತು, "ಕೊಸರು ಹಾಕಂಗಿಲ್ಲೇನಪಾ, ಇರೋದನ್ನೂ ತೆಗಿತಿಯಲ್ಲ" ಎಂದಳು. ಡಿಪೋದ ಲೆಡ್ಜರಿನಲ್ಲಿ ಕೊಸರು ಎಂಬ ಕಲಮೇ ಇಲ್ಲ. ಬಜಾರಿನಲ್ಲಿ ಅದಿಲ್ಲದೆ ಗಿರಾಕಿಯಿಲ್ಲ. ನಿಮ್ಮ ಪತಿಯ ತೂಕ ಸರಿಯಾಗಿದೆ, ತೂಕವಾದ ಮೇಲೆ ಒಂದು ಚಿಟಿಕೆ ಶೇಂಗಾ, ಮಗುವಿನ ಕೈಗೊಂದು ಬೆಲ್ಲದ ಚೂರು ಹಾಕುವುದನ್ನು ಅವರು ಕಲಿಯಬೇಕಾಗಿದೆ.

ಉದ್ರಿಯ ಸಂಕಟ ಇದಕ್ಕಿಂತ ದೊಡ್ಡದು. "ಸುಗ್ಗಿಗೆ ಕೊಡ್ತೀನ್ರೀ" ಎನ್ನುವುದು ನಮ್ಮ ಭಾಗದಲ್ಲಿ ಸುಳ್ಳಲ್ಲ, ಭತ್ತ ಮಾರುವವರೆಗೆ ರೈತನ ಕೈಯಲ್ಲಿ ಹಣವಿರುವುದಿಲ್ಲ. ಉದ್ರಿಯನ್ನೇ ಕೊಡೆನೆಂದರೆ ಕಾರಟಗಿಯಲ್ಲಿ ಅಂಗಡಿ ನಡೆಯದು. ಆದರೆ ಎಷ್ಟು ಕೊಡಬೇಕೆಂಬುದನ್ನು ಕೊಡುವ ಮೊದಲೇ ತೀರ್ಮಾನಿಸಬೇಕು. ನನ್ನ ಅಂಗಡಿಯಿಂದ ಹೋಟೆಲಿನವರೊಬ್ಬರು ತಿಂಗಳುಗಟ್ಟಲೆ ಎಣ್ಣೆ, ಸಕ್ಕರೆ ಒಯ್ದರು. ಕೇಳಿದಾಗಲೆಲ್ಲ ಅರ್ಧ ಕೊಟ್ಟು ಮುಕ್ಕಾಲು ಒಯ್ಯುತ್ತಿದ್ದರು. ಕೊನೆಗೆ ಒಂದು ಅಮಾವಾಸ್ಯೆಯ ದಿನ ನಾಲ್ಕು ಜನರ ಮುಂದೆ ನಾನು ಪರೇಡ್ ಮೈದಾನದ ದನಿಯಲ್ಲಿ ಕೇಳಿದೆ. ಹಣವೂ ಬರಲಿಲ್ಲ, ಆ ಬೀದಿಯ ಉಳಿದ ಗಿರಾಕಿಗಳೂ ಬರಲಿಲ್ಲ. ಆಮೇಲೆ ಗಲ್ಲಾದ ಮುಂದೆ ನನ್ನ ಹೆಂಡತಿ ಕುಳಿತಳು. ಅವಳು ಮನೆಗೊಂದು ಪುಟ ತೆಗೆದು, ಪ್ರತಿ ಪುಟದ ತಲೆಯಲ್ಲಿ ಆ ಮನೆಯ ಮಿತಿಯನ್ನು ಬರೆದಳು. ಮಿತಿ ಮುಟ್ಟಿದ ದಿನ ಸಾಮಾನು ಕಟ್ಟುವ ಮೊದಲು ಪುಟವನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಸಾಧ್ಯವಿದ್ದರೆ ನೀವೂ ಗಲ್ಲಾದಲ್ಲಿ ಕುಳಿತುಕೊಳ್ಳಿ, ಅವರು ಸಂತೆ, ಸಗಟು ಖರೀದಿ, ಗೋದಾಮು ನೋಡಿಕೊಳ್ಳಲಿ. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ನಿಮ್ಮ ಬೀದಿಯಲ್ಲಿ ಇರಲಾರರು.

ಪಿಂಚಣಿಯಿಂದ ಸಾಮಾನು ತುಂಬಿಸುವುದನ್ನು ಈ ತಿಂಗಳೇ ನಿಲ್ಲಿಸಿ. ಅಂಗಡಿಗೆ ಬೇರೆ ಖಾತೆ ತೆರೆಯಿರಿ. ಆ ಖಾತೆಯಲ್ಲಿರುವಷ್ಟಕ್ಕೆ ಮಾತ್ರ ಸಾಮಾನು ತನ್ನಿ, ಕಪಾಟು ಅರ್ಧ ಖಾಲಿ ಕಂಡರೂ ಪರವಾಗಿಲ್ಲ. ಆಗ ಮಾತ್ರ ಅಂಗಡಿ ನಿಜವಾಗಿ ಎಷ್ಟು ದುಡಿಯುತ್ತಿದೆ ಎಂಬುದು ಕಾಣುತ್ತದೆ, ಈಗ ಅದನ್ನು ಪಿಂಚಣಿ ಮುಚ್ಚಿಟ್ಟಿದೆ. ಮೂರು ತಿಂಗಳು ಹೀಗೆ ನಡೆಸಿ, ಬಾಕಿ ಇರುವ ಉದ್ರಿಯ ಮೊತ್ತವನ್ನೂ ದಿನದ ವ್ಯಾಪಾರವನ್ನೂ ಬರೆದು ಮತ್ತೆ ಪತ್ರ ಹಾಕಿ. ಅಂಗಡಿಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂಬುದನ್ನು ಆ ಅಂಕಿಗಳನ್ನು ನೋಡಿದ ಮೇಲೆ ಹೇಳುತ್ತೇನೆ.