ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸಾಲ್ಮನ್ ಮೀನಿನ ಸಂಶೋಧನೆಗೆ ಅವಕಾಶ ಸಿಕ್ಕಿದೆ. ಕಾಡಿನ ತಂಡ ಸೇರಲೋ, ಮೀನಿನ ತಂಡ ಸೇರಲೋ?

ನೀವು ಕೊಪ್ಪದವರು, ನಾನು ತೀರ್ಥಹಳ್ಳಿ ಕಡೆಯವನು. ಹನ್ನೊಂದು ವರ್ಷದ ಹಿಂದೆ ಆರೆಗಾನ್‌ನ ಕೊರ್ವಾಲಿಸ್ ಪಟ್ಟಣಕ್ಕೆ ಹೊರಡುವಾಗ ನನ್ನ ತಲೆಯಲ್ಲೂ ಇದೇ ಇತ್ತು: ಕಾಡೋ ಮೀನೋ, ನಮ್ಮಲ್ಲಿಲ್ಲದ ಸಾಲ್ಮನ್ ಬಗ್ಗೆ ಕಲಿತು ಊರಿಗೆ ಬಂದರೆ ಏನು ಉಪಯೋಗ. ಸಾಲ್ಮನ್ ಅಂದರೆ ಹಳ್ಳದಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹಳ್ಳಕ್ಕೇ ಬರುವ ಮೀನು. ನಮ್ಮ ಪ್ರಶ್ನೆಗೆ ಉತ್ತರ ಆಮೇಲೆ. ಮೊದಲು ನನ್ನ ಮೊದಲ ಬೇಸಿಗೆಯಲ್ಲಿ ಏನಾಯಿತು ಅಂತ ಕೇಳಿ.

ನನಗೆ ಕೊಟ್ಟಿದ್ದು ಆರೆಗಾನ್ ಕರಾವಳಿ ಬೆಟ್ಟಸಾಲಿನ ಸಣ್ಣ ತೊರೆಗಳಲ್ಲಿ ನೀರು ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯುವ ಕೆಲಸ. ಹನ್ನೆರಡು ಲಾಗರ್‌ಗಳು. ಲಾಗರ್ ಅಂದರೆ ಹೆಬ್ಬೆರಳಿನಷ್ಟು ಸಣ್ಣ ಯಂತ್ರ, ಅರ್ಧ ಗಂಟೆಗೊಮ್ಮೆ ಉಷ್ಣತೆ ದಾಖಲಿಸಿಕೊಳ್ಳುತ್ತದೆ. ಬಿಸಿಲು ನೇರ ತಾಗದ ಹಾಗೆ ತೂತು ಕೊರೆದ ಬಿಳಿ ಪೈಪಿನೊಳಗೆ ಅದನ್ನಿಟ್ಟು, ತಂತಿಯಲ್ಲಿ ಬೇರಿಗೋ ದಿಮ್ಮಿಗೋ ಬಿಗಿದು ನೀರಿಗೆ ಬಿಡಬೇಕು. ಕೆಲವು ತೊರೆಗಳ ಪಕ್ಕದ ಮರಗಳನ್ನು ಆ ಚಳಿಗಾಲದಲ್ಲಿ ಕಡಿಯುವುದಿತ್ತು, ಉಳಿದವನ್ನು ಹಾಗೇ ಬಿಡುವುದಿತ್ತು. ಕಡಿಯುವ ಮುಂಚಿನ ಬೇಸಿಗೆ, ಕಡಿದ ಮೇಲಿನ ಬೇಸಿಗೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು.

ಅದೇ ಬೆಟ್ಟಸಾಲಿನಲ್ಲಿ ಈ ಬಗೆಯ ಅಧ್ಯಯನದ ಹಿರಿಯಣ್ಣನಿದೆ. ಆಲ್ಸೀ ಜಲಾನಯನ ಅಧ್ಯಯನ, 1959ರಿಂದ 1973ರವರೆಗೆ ನಡೆದದ್ದು. ಮೂರು ಹಳ್ಳಗಳು. ಫ್ಲಿನ್ ಕ್ರೀಕನ್ನು ಮುಟ್ಟಲಿಲ್ಲ. ಡಿಯರ್ ಕ್ರೀಕ್‌ನಲ್ಲಿ ತುಂಡುತುಂಡಾಗಿ ಕಡಿದರು, ನೀರಿನಂಚಿನ ಮರಗಿಡ ಉಳಿಸಿದರು. ನೀಡಲ್ ಬ್ರಾಂಚ್‌ನಲ್ಲಿ 1966ರಲ್ಲಿ ದಡದವರೆಗೂ ಬೋಳು ಮಾಡಿದರು. ಮರುವರ್ಷ ನೀಡಲ್ ಬ್ರಾಂಚ್‌ನ ಗರಿಷ್ಠ ಉಷ್ಣತೆ ಸುಮಾರು 14 ಡಿಗ್ರಿಯಿಂದ 29 ಡಿಗ್ರಿಗೆ ಏರಿತು. ಅಂಚಿನ ಮರ ಉಳಿದಿದ್ದ ಡಿಯರ್ ಕ್ರೀಕ್‌ನಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಕೋಹೊ ಎಂಬ ಜಾತಿಯ ಸಾಲ್ಮನ್ ಮರಿಗಳು ಸಮುದ್ರಕ್ಕೆ ಇಳಿಯುವ ಮುಂಚೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇಂಥ ಹಳ್ಳಗಳಲ್ಲೇ ಬೆಳೆಯುತ್ತವೆ. ಮರಿಗಳು ಬೆಳೆಯುವ ನೀರಿಗೆ ಇವತ್ತು ಆರೆಗಾನ್ ಇಟ್ಟಿರುವ ಮಿತಿಯೇ 18 ಡಿಗ್ರಿ. 29 ಅಂದರೆ ಆ ಮರಿಗೆ ಏನು ಅಂತ ನೀವೇ ಯೋಚಿಸಿ. 1971ರಲ್ಲಿ ಆ ರಾಜ್ಯ ಅರಣ್ಯ ಕಡಿತಕ್ಕೆ ಕಾನೂನು ತಂದಾಗ ಈ ಅಧ್ಯಯನದ ಅಂಕಿಗಳು ಕೆಲಸಕ್ಕೆ ಬಂದವು.

ನಾನು ಮೊದಲು ಗಮನಿಸದೇ ಹೋದ ಸಂಗತಿಯೂ ಇದರಲ್ಲೇ ಇದೆ. ಅವರು ಕಡಿಯುವ ಮುಂಚೆ ಏಳು ವರ್ಷ ಸುಮ್ಮನೆ ಅಳೆದಿದ್ದರು. ನನಗೆ ಇದ್ದದ್ದು ಒಂದೇ ಬೇಸಿಗೆ.

ಜೂನ್ ಮೊದಲ ವಾರ ಲಾಗರ್ ಕಟ್ಟಲು ಹೋದೆ. ಮೊಣಕಾಲಿನವರೆಗೆ ನೀರು, ಚಳಿಗೆ ಪಾದ ಜೋಮು ಹಿಡಿಯುತ್ತಿತ್ತು. ಜೂನ್ ಅಂದರೆ ನಮಗೆ ಒಂದೇ ಅರ್ಥ ತಾನೇ? ಮೃಗಶಿರಾ ಹಿಡಿಯುತ್ತದೆ, ಆರಿದ್ರಾ ಬಂದರೆ ಹಳ್ಳ ದಾಟಲಾಗುವುದಿಲ್ಲ, ಸಂಕ ಕೊಚ್ಚಿಕೊಂಡು ಹೋಗುತ್ತದೆ. ನಡುವಿನ ಆಳ ಬಿಟ್ಟು ದಡದ ಪಕ್ಕ, ಆಲ್ಡರ್ ಮರದ ಬೇರಿಗೆ, ಸ್ವಲ್ಪ ಎತ್ತರಕ್ಕೇ ಬಿಗಿದೆ. ನೆರೆಗೆ ಹೋಗಬಾರದು ಅನ್ನುವುದೊಂದೇ ಯೋಚನೆ.

ಅಲ್ಲಿ ಮಳೆಗಾಲವೇ ಚಳಿಗಾಲ. ನವೆಂಬರಿನಿಂದ ಹುಯ್ಯುವ ಮಳೆ ವಸಂತ ಮುಗಿಯುವಾಗ ನಿಲ್ಲುತ್ತದೆ. ಜುಲೈ, ಆಗಸ್ಟ್ ಒಣ. ಹಳ್ಳ ದಿನದಿನಕ್ಕೂ ಇಳಿದು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ತಳ ಕಾಣುತ್ತದೆ. ಇದು ಗೊತ್ತಿರಲಿಲ್ಲವೇ ಅಂದರೆ ಗೊತ್ತಿತ್ತು, ಪರೀಕ್ಷೆಯಲ್ಲೂ ಬರೆದಿದ್ದೆ. ತಂತಿ ಬಿಗಿಯುವಾಗ ಮಾತ್ರ ಕೈ ಊರಿನ ಲೆಕ್ಕವನ್ನೇ ಮಾಡಿತು. ಜುಲೈನಲ್ಲಿ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು. ಬೇರೆ ಕೆಲಸ ಇತ್ತು, ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಹೋದರೆ ಮೊದಲ ಪೈಪು ಜಲ್ಲಿಯಿಂದ ಒಂದು ಗೇಣು ಮೇಲೆ ಗಾಳಿಯಲ್ಲಿ ತೂಗುತ್ತಿತ್ತು. ಬಾಯಿಗೆ ಜೇಡ ಬಲೆ ನೇಯ್ದಿತ್ತು. ಅಲುಗಾಡಿಸಿದೆ, ಒಣ ಮರಳು ಉದುರಿತು. ನೀರು ಎರಡು ಮಾರು ಆಚೆ ಹರಿಯುತ್ತಿತ್ತು. ಹನ್ನೆರಡರಲ್ಲಿ ನಾಲ್ಕು ಹೀಗೆ ಪೂರ್ತಿ ಹೊರಗೆ. ಇನ್ನು ಮೂರು ಅರ್ಧ ಒಳಗೆ, ಅರ್ಧ ಹೊರಗೆ.

ಪೂರ್ತಿ ಹೊರಗಿದ್ದವುಗಳನ್ನು ಗುರುತಿಸುವುದು ಸುಲಭ. ಬೆಳಗಿನ ಜಾವ 10 ಡಿಗ್ರಿ, ಮಧ್ಯಾಹ್ನ 27. ನೆರಳಿನ ಹಳ್ಳದ ನೀರು ಒಂದೇ ದಿನದಲ್ಲಿ ಹಾಗೆ ಜಿಗಿಯುವುದಿಲ್ಲ, ಅದು ಗಾಳಿಯ ಅಂಕಿ. ನಿದ್ದೆ ಕೆಡಿಸಿದ್ದು ಆ ಮೂರು. ಮಧ್ಯಾಹ್ನ 18, 19 ತೋರಿಸುತ್ತಿದ್ದವು, ನಂಬುವ ಹಾಗೇ ಇದ್ದವು. ಅವನ್ನು ಹಾಗೇ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಗೊತ್ತೇ? ಮರ ಕಡಿಯುವ ಮುಂಚೆಯೇ ಈ ತೊರೆ ಬೆಚ್ಚಗಿತ್ತು, ಕಡಿದದ್ದರಿಂದ ಹೆಚ್ಚೇನೂ ಆಗಿಲ್ಲ ಅನ್ನುವ ತೀರ್ಮಾನ ನನ್ನ ಹೆಸರಿನಲ್ಲಿ ಅಚ್ಚಾಗುತ್ತಿತ್ತು. ಯಾವ ದಿನ ನೀರು ಪೈಪಿನಿಂದ ಇಳಿಯಿತು ಅಂತ ಹುಡುಕಲು ಎರಡು ವಾರ ಕೂತೆ. ಪಕ್ಕದ ಮರಕ್ಕೆ ಗಾಳಿ ಅಳೆಯುವ ಒಂದು ಲಾಗರ್ ಕಟ್ಟಿದ್ದರೆ ಎರಡೂ ಗೆರೆಗಳನ್ನು ಹೋಲಿಸಿ ದಿನ ಹೇಳಬಹುದಿತ್ತು. ಕಟ್ಟಿರಲಿಲ್ಲ. ಫೋಟೋ ತೆಗೆದಿರಲಿಲ್ಲ, ಆಳ ಬರೆದಿರಲಿಲ್ಲ. ಏಳನ್ನೂ ಕೈಬಿಟ್ಟೆ. ಡಿಸೆಂಬರಿನಲ್ಲಿ, ಹೇಳಿದ ದಿನಕ್ಕೇ, ಮರ ಕಡಿದರು. ಆ ನೆರಳಿನ ಕೆಳಗಿನ ನೀರು ಎಷ್ಟು ತಂಪಿತ್ತು ಎಂದು ಇನ್ನು ಯಾರೂ ಅಳೆಯಲಾಗದು.

ಈಗ ನಿಮ್ಮ ಪ್ರಶ್ನೆ. ಕಾಡಿನ ತಂಡ, ಮೀನಿನ ತಂಡ ಅನ್ನುವುದು ಕಚೇರಿಯ ಬಾಗಿಲ ಮೇಲಿನ ಬೋರ್ಡು. 1950ರಿಂದ 70ರ ದಶಕದವರೆಗೆ, ಮೀನಿಗೆ ಅಡ್ಡ ಬರುತ್ತದೆ ಎಂದು ಅಲ್ಲಿನ ತೊರೆಗಳಿಂದ ಬಿದ್ದ ಮರಗಳನ್ನು ಎಳೆದು ತೆಗೆಸಿದರು. ಆಮೇಲೆ ತಿಳಿಯಿತು, ಆ ದಿಮ್ಮಿಗಳೇ ಮಡು ಮಾಡುವುದು, ಜಲ್ಲಿ ಹಿಡಿದಿಡುವುದು, ಚಳಿಗಾಲದ ನೆರೆಯಲ್ಲಿ ಮರಿಗಳಿಗೆ ಆಸರೆ ಕೊಡುವುದು. ಈಗ ಹೆಲಿಕಾಪ್ಟರ್‌ನಲ್ಲಿ ದಿಮ್ಮಿ ತಂದು ವಾಪಸ್ಸು ಹಾಕುತ್ತಿದ್ದಾರೆ. 1948ರಲ್ಲಿ ಶುರುವಾದ ಎಚ್. ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯಕ್ಕೂ ಹೋಗಿ ಬನ್ನಿ. ಬಿದ್ದ ಮರ ಹೇಗೆ ಕೊಳೆಯುತ್ತದೆ ಅಂತ ನೋಡಲು ಅಲ್ಲಿ 1985ರಲ್ಲಿ 200 ವರ್ಷದ ಪ್ರಯೋಗ ಹೂಡಿದ್ದಾರೆ. ಅದನ್ನು ಯಾವ ತಂಡಕ್ಕೆ ಸೇರಿಸುತ್ತೀರಿ? ಎರಡರಲ್ಲಿ ಯಾರು ನಿಮ್ಮನ್ನು ವಾರಕ್ಕೆ ಮೂರು ದಿನ ನೀರಿಗಿಳಿಸುತ್ತಾರೋ ಅವರ ಜೊತೆ ಹೋಗಿ. ಮೊದಲ ವರ್ಷವೇ ಕಂಪ್ಯೂಟರ್ ಮುಂದೆ ಮಾಡೆಲಿಂಗ್ ಅಂದರೆ ನನ್ನ ಪ್ರಕಾರ ಒಪ್ಪಬೇಡಿ. ಆ ಅಂಕಿ ನೀರಿನದೋ ಗಾಳಿಯದೋ ಎಂದು ಹೊಳೆಯುವುದು ಪೈಪು ಕಟ್ಟಿದವರಿಗೆ ಮಾತ್ರ.

ಊರಿಗೆ ಏನು ಉಪಯೋಗ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿಯೇ ಇರುತ್ತೀರಿ. ಮೊದಲ ಮಳೆಗೆ ಗದ್ದೆಯ ಕಡೆ ಹತ್ತುಮೀನು ಏರುವುದನ್ನೂ ನೋಡಿಯೇ ಇರುತ್ತೀರಿ. ಮೊಟ್ಟೆಯಿಡಲು ನೀರಿನೆದುರು ಹೋಗುವ ಮೀನು ನಮ್ಮಲ್ಲೂ ಇದೆ, ಹಳ್ಳದ ದಂಡೆಯ ಮರವನ್ನು ತೋಟಕ್ಕಾಗಿ ತೆಗೆಯುವುದೂ ಇದೆ. ಆ ಹಳ್ಳಗಳಲ್ಲಿ ಎಷ್ಟಕ್ಕೆ ಮುಂಚಿನ ಅಂಕಿ ಇದೆ? ಊರಿಗೆ ಬಂದ ಮೇಲೆ ನಮ್ಮ ಮನೆ ಕೆಳಗಿನ ಹಳ್ಳದಲ್ಲಿ ನಾಲ್ಕು ಲಾಗರ್ ಇಟ್ಟಿದ್ದೇನೆ, ಒಂದು ಗಾಳಿಗೆ. ಇದು ಐದನೇ ವರ್ಷ.

ಸೆಪ್ಟೆಂಬರಿಗೇ ಅಲ್ಲಿ ಇಳಿಯಿರಿ, ತೊರೆ ಅತಿ ಸಣ್ಣದಾಗಿರುವಾಗ ಒಮ್ಮೆ ಕಣ್ಣಲ್ಲಿ ತುಂಬಿಕೊಳ್ಳಿ. ಲಾಗರ್ ಇಡುವುದು ಆಗ ನೀರು ಉಳಿದಿರುವ ಜಾಗದಲ್ಲಿ. ನವೆಂಬರ್ ಕೊನೆಗೆ ಒಳ್ಳೆ ಮಳೆ ಬಿದ್ದ ಮೇಲೆ ಅದೇ ಜಾಗಕ್ಕೆ ಹೋಗಿ ದಡದಲ್ಲಿ ತಗ್ಗಿ ಕೂರಿ. ಗಂಡು ಕೋಹೊ ಕೆಂಪಗಾಗಿರುತ್ತದೆ, ಹೆಣ್ಣು ಮಗ್ಗುಲಾಗಿ ಬಾಲ ಬಡಿದು ಜಲ್ಲಿ ಕೆದಕುತ್ತದೆ. ಹೊಸದಾಗಿ ಕೆದಕಿದ ಜಾಗ ಸುತ್ತಲಿಗಿಂತ ಬಿಳಿಚಿಕೊಂಡಿರುತ್ತದೆ. ಅಲ್ಲಿ ಕಾಲಿಡಬೇಡಿ, ಕೆಳಗೆ ಮೊಟ್ಟೆಗಳಿರುತ್ತವೆ.