ಓದುಗರ ಪ್ರಶ್ನೆ: ಹಾಸ್ಪಿಸ್‌ಗಾಗಿ ಮ್ಯಾರಥಾನ್ ಓಡಬಹುದೇ?

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತೇನೆ. ಕ್ಯಾನ್ಸರಿನಿಂದ ನರಳುತ್ತಿದ್ದ ನನ್ನ ತಾಯಿಯವರು ಕೊನೆಯ ದಿನಗಳನ್ನು ಬೆಂಗಳೂರಿನ ಹಾಸ್ಪಿಸ್ (ಗುಣವಾಗದ ರೋಗಿಗಳನ್ನು ಕೊನೆಯವರೆಗೆ ಆರೈಕೆ ಮಾಡುವ ಕೇಂದ್ರ) ಒಂದರಲ್ಲಿ ಕಳೆದರು. ಅಲ್ಲಿಯವರು ನಮ್ಮಿಂದ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಅವರಿಗಾಗಿ ಮುಂದಿನ ವರ್ಷ ಪೂರ್ಣ ಮ್ಯಾರಥಾನ್ ಓಡಿ ಮೂರು ಲಕ್ಷ ರೂಪಾಯಿ ಕೂಡಿಸಬೇಕೆಂದಿದ್ದೇನೆ. ಸ್ನೇಹಿತರು ನನ್ನ ಫೋನ್‌ಪೇಗೆ ಹಣ ಹಾಕಲು ಸಿದ್ಧರಿದ್ದಾರೆ. ಆದರೆ ಅಣ್ಣ, ‘ಅಮ್ಮನ ಸಾವನ್ನು ಊರ ಮುಂದಿಟ್ಟು ದುಡ್ಡು ಎತ್ತಬೇಡ’ ಎನ್ನುತ್ತಾರೆ. ಸದ್ಯ ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತೇನೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೇಗೆ ಮುಂದುವರಿಯಲಿ?

ಉತ್ತರ: ಓಟದ ಮಾತಿಗೆ ಮೊದಲು ಹಣ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಸ್ನೇಹಿತರ ದೇಣಿಗೆ ನಿಮ್ಮ ಫೋನ್‌ಪೇಗೆ ಬರುವುದು ಬೇಡ. ನಿಮ್ಮ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೆ ಅಂಗಡಿಯ ವಹಿವಾಟು ನಡೆಯುವ ಖಾತೆಗೆ ಮೂರು ಲಕ್ಷ ರೂಪಾಯಿ ಚಿಲ್ಲರೆ ಚಿಲ್ಲರೆಯಾಗಿ ಬಂದು ಬಿದ್ದರೆ, ಯಾವುದು ವ್ಯಾಪಾರದ್ದು, ಯಾವುದು ದೇಣಿಗೆಯದು ಎಂದು ಲೆಕ್ಕ ಒಪ್ಪಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ಕೊಟ್ಟವರಿಗೆ ಅವರ ಹೆಸರಿನ ರಸೀದಿಯೂ ಸಿಗುವುದಿಲ್ಲ. ಆದ್ದರಿಂದ ಮೊದಲು ಆ ಹಾಸ್ಪಿಸ್‌ಗೆ ಪತ್ರ ಬರೆದು ನಿಮ್ಮ ಉದ್ದೇಶ ತಿಳಿಸಿ, ಲಿಖಿತ ಒಪ್ಪಿಗೆ ಪಡೆದು, ಅವರ ಖಾತೆಯ ವಿವರ ಅಥವಾ ಕ್ಯೂಆರ್ ಕೋಡನ್ನೇ ಎಲ್ಲರಿಗೂ ಕಳುಹಿಸಿ. ತೆರಿಗೆ ವಿನಾಯಿತಿ ಬಯಸುವ ದಾನಿಗಳು ಪ್ಯಾನ್ ಸಂಖ್ಯೆ ಕೊಡಬೇಕು. 80ಜಿ ಎಂದೇ ಜನ ಗುರುತಿಸುವ ಆ ವಿನಾಯಿತಿ ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಅನ್ವಯಿಸುವುದಿಲ್ಲ. ಇದನ್ನು ಮುಂಚೆಯೇ ಹೇಳಿಬಿಟ್ಟರೆ ಮಾರ್ಚ್ ತಿಂಗಳಲ್ಲಿ ನಿಮಗೆ ಬರುವ ಅರ್ಧದಷ್ಟು ಫೋನ್ ಕರೆಗಳು ತಪ್ಪುತ್ತವೆ.

ಹಣ ಯಾವುದಕ್ಕೆ ಬೇಕಾಗಿದೆ ಎಂಬುದನ್ನೂ ಅವರನ್ನೇ ಕೇಳಿ. ಮುಂಬೈಯಲ್ಲಿ 1986ರಲ್ಲಿ ದೇಶದ ಮೊದಲ ಹಾಸ್ಪಿಸ್ ಆರಂಭವಾಯಿತು. ಬೆಂಗಳೂರಿನ ಮಾರತಹಳ್ಳಿಯ ಕರುಣಾಶ್ರಯ 1999ರಿಂದ ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರನ್ನು ಉಚಿತವಾಗಿ ನೋಡಿಕೊಳ್ಳುತ್ತ ಬಂದಿದೆ. ಇಂಥ ಕಡೆ ಖರ್ಚಿನ ದೊಡ್ಡ ಪಾಲು ಔಷಧಿಗಲ್ಲ. ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ದುಬಾರಿಯದಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು, ವಾಸನೆ ಬರುವ ಹುಣ್ಣನ್ನು ಮುಖ ಕಿವುಚದೆ ತೊಳೆದು ಕಟ್ಟುವುದು, ನುಂಗಲಾರದವರ ಒಣಗಿದ ಬಾಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ಇವನ್ನೆಲ್ಲ ಹಗಲೂ ರಾತ್ರಿಯೂ ಮಾಡುವುದಕ್ಕೆ ತರಬೇತಾದ ಕೈಗಳು ಬೇಕು. ನಿಮ್ಮ ತಾಯಿಯವರ ಬಳಿ ಕುಳಿತಿದ್ದಾಗ ನೀವೂ ಇದನ್ನು ಕಂಡಿರಬೇಕು. ಮಂಚಕ್ಕೋ ಗಾಲಿಕುರ್ಚಿಗೋ ಹೆಸರು ಬರೆಸಿ ಕೊಡಲು ದಾನಿಗಳು ಮುಂದೆ ಬರುತ್ತಾರೆ. ರಾತ್ರಿ ಪಾಳಿಯ ನರ್ಸಿನ ಸಂಬಳಕ್ಕೆ ಬರುವವರು ಕಡಿಮೆ. ನಿಮ್ಮ ಮೂರು ಲಕ್ಷ, ಸಂಬಳವೂ ಸೇರಿ ಯಾವ ಖರ್ಚಿಗಾದರೂ ಬಳಸಬಹುದಾದ ‘ಸಾಮಾನ್ಯ ನಿಧಿಗೆ’ ಹೋಗಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಣ್ಣನವರ ಮಾತನ್ನು ತಳ್ಳಿಹಾಕಬೇಡಿ. ಅವರು ವಿರೋಧಿಸುತ್ತಿರುವುದು ಓಟವನ್ನಲ್ಲ, ಪ್ರದರ್ಶನವನ್ನು. ಮನವಿಯ ಕರಡನ್ನು ಮೊದಲು ಅವರಿಗೇ ತೋರಿಸಿ. ತಾಯಿಯವರ ಫೋಟೊ ಹಾಕಬೇಕೆಂದಿದ್ದರೆ ಅವರು ಗಟ್ಟಿಮುಟ್ಟಾಗಿದ್ದ ಕಾಲದ್ದನ್ನು ಮನೆಯವರೆಲ್ಲ ಒಪ್ಪಿದ ಮೇಲೆ ಹಾಕಿ; ಕೊನೆಯ ದಿನಗಳ ಚಿತ್ರ ಬೇಡ, ಅಲ್ಲಿದ್ದ ಬೇರೆ ರೋಗಿಗಳ ಚಿತ್ರವಂತೂ ಖಂಡಿತ ಬೇಡ. ಆ ಸಂಸ್ಥೆಯವರು ಏನೇನು ಮಾಡಿದರೆಂಬುದನ್ನು ನಾಲ್ಕು ಸಾಲಿನಲ್ಲಿ ನೇರವಾಗಿ ಬರೆದರೆ ಸಾಕು. ನೋಂದಣಿ ಶುಲ್ಕ, ಶೂ, ಪ್ರಯಾಣ, ವಸತಿಗಳ ವೆಚ್ಚ ನನ್ನದೇ, ನಿಮ್ಮ ಹಣ ಪೂರ್ತಿ ಹಾಸ್ಪಿಸ್‌ಗೆ ಎಂಬ ಒಂದು ವಾಕ್ಯವನ್ನು ಸೇರಿಸಿ. ದಾನಿಗಳು ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಅದು ಉತ್ತರ.

ಇನ್ನು ದೂರದ ವಿಷಯ. ಪೂರ್ಣ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಐದು ಕಿಲೋಮೀಟರ್ ನಡೆಯುವವರು ಒಂದು ವರ್ಷದಲ್ಲಿ ಅಲ್ಲಿಗೆ ತಲುಪಲಾರರೆಂದಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಂತೇ ಇರುವ ನಿಮಗೆ ವಾರಕ್ಕೆ ನಾಲ್ಕು ದಿನದ ಅಭ್ಯಾಸ, ಅದರಲ್ಲೂ ಒಂದು ದಿನ ಮೂರು ಗಂಟೆಗೂ ಮೀರಿದ ಓಟ, ತಿಂಗಳುಗಟ್ಟಲೆ ನಡೆದೀತೇ? ಕಿಲೋಮೀಟರಿಗೆ ಇಷ್ಟು ಎಂದು ಎಣಿಸಿ ದೇಣಿಗೆ ಕೊಡುವವರು ನಮ್ಮಲ್ಲಿ ವಿರಳ. ಕೇಳಿದವರ ಮುಖ ನೋಡಿ ಕೊಡುತ್ತಾರೆ. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿಯೂ ಸೇವಾಸಂಸ್ಥೆಗಳಿಗಾಗಿ ಹಣ ಕೂಡಿಸುವವರು ಪ್ರತಿ ವರ್ಷ ಓಡುತ್ತಾರೆ. ಮೊದಲ ವರ್ಷ ಅದನ್ನೋ, ಹೆಚ್ಚೆಂದರೆ 21 ಕಿಲೋಮೀಟರಿನ ಅರ್ಧ ಮ್ಯಾರಥಾನನ್ನೋ ಇಟ್ಟುಕೊಳ್ಳಿ.

ಬಿಪಿ ಇರುವುದರಿಂದ ಅಭ್ಯಾಸ ಶುರುಮಾಡುವ ಮುನ್ನವೇ ವೈದ್ಯರನ್ನು ಕಾಣಿ. ಇಸಿಜಿ, ಅವರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ನಿಮ್ಮ ಮಾತ್ರೆಯ ಹೆಸರು ಹೇಳಿ, ಓಟಕ್ಕೂ ಅದಕ್ಕೂ ಹೊಂದುತ್ತದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಕೆಲವು ಬಿಪಿ ಮಾತ್ರೆಗಳು ಎದೆಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಬಡಿತವನ್ನು ನಂಬಿ ವೇಗ ಹೆಚ್ಚಿಸುವುದು ಅಪಾಯ. ಇನ್ನು ಕೆಲವು ದೇಹದ ನೀರನ್ನೂ ಉಪ್ಪನ್ನೂ ಮೂತ್ರದಲ್ಲಿ ಹೊರಹಾಕುತ್ತವೆ. ದೀರ್ಘ ಓಟದಲ್ಲಿ ಬಾಯಾರಿಕೆಯಿಲ್ಲದೆಯೂ ಬರಿಯ ನೀರನ್ನು ಲೋಟಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯಬಹುದು. ಮಂಡಿನೋವೆಂದು ಓಟದ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿ ಓಡಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ಎದೆನೋವು, ತಲೆಸುತ್ತು ಕಂಡರೆ ಅಲ್ಲಿಯೇ ನಿಲ್ಲಿ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಇಲ್ಲಿನ ಹಾಸ್ಪಿಸ್ ಒಂದಕ್ಕಾಗಿ ಅಲ್ಲಿ ಸೈಕಲ್ ಯಾತ್ರೆ ಮಾಡುತ್ತಿದ್ದಾನೆ. ಅವನ ಸಹೋದ್ಯೋಗಿಗಳು ನೇರವಾಗಿ ಹಣ ಕಳುಹಿಸಬಹುದೇ? (ಮೈಸೂರಿನ ಓದುಗರು)

ಉತ್ತರ: ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಅನುಮತಿ ಇದ್ದರೆ ಮಾತ್ರ. ಅನುಮತಿ ಇದ್ದರೂ ಆ ಹಣ ಮೊದಲು ಹೊಸದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಸಂಸ್ಥೆ ತೆರೆದಿರುವ ಪ್ರತ್ಯೇಕ ಖಾತೆಗೇ ಬರಬೇಕೆಂದು 2020ರ ತಿದ್ದುಪಡಿ ಹೇಳುತ್ತದೆ. ಮಗನದು ಭಾರತೀಯ ಪಾಸ್‌ಪೋರ್ಟ್ ಆಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇದ್ದರೂ, ಎನಿಸುತ್ತದೆ. ಸಹೋದ್ಯೋಗಿಗಳ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಂಡು ತನ್ನದೆಂಬಂತೆ ಕಳುಹಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ; ತೊಂದರೆಗೆ ಸಿಕ್ಕಿಬೀಳುವುದು ಹಾಸ್ಪಿಸ್.

ಪ್ರಶ್ನೆ: ಓಟವನ್ನು ಮಧ್ಯದಲ್ಲಿ ಬಿಟ್ಟರೆ ದೇಣಿಗೆ ಹಿಂದಿರುಗಿಸಬೇಕೇ? (ಹೊಸಪೇಟೆಯ ಓದುಗರು)

ಉತ್ತರ: ಬೇಕಿಲ್ಲ, ಹಣ ಅದಾಗಲೇ ಸಂಸ್ಥೆಯನ್ನು ಸೇರಿರುತ್ತದೆ. ಆದರೆ ‘ಮುಗಿಸಿದರೆ ಮಾತ್ರ ಕೊಡುತ್ತೇನೆ’ ಎಂದವರಿಗೆ ಎಲ್ಲಿ, ಏಕೆ ನಿಂತಿರೆಂದು ಅಂದೇ ತಿಳಿಸಿ, ಕೊಡುವುದು ಬಿಡುವುದನ್ನು ಅವರಿಗೇ ಬಿಡಿ.